ಟ್ರ್ಯಾಪ್ ಶೂಟಿಂಗ್‌ಗೆ ಮೊದಲ ಕೋವಿ: ಅಜ್ಜನ ಜೋಡುನಳಿಗೆ ಸಾಕಾ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಹತ್ತಿರ ಊರು, ವಯಸ್ಸು 24, ಟ್ರ್ಯಾಪ್, ಅಂದ್ರೆ ಚಿಮ್ಮಿ ಹಾರೋ ತಟ್ಟೆಗೆ ಕೋವಿಯಲ್ಲಿ ಹೊಡೆಯೋ ಆಟ, ಕಲಿಯೋ ಆಸೆ. ಮನೇಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇದೆ, ಲೈಸೆನ್ಸ್ ಅಪ್ಪನ ಹೆಸರಲ್ಲಿ. ಅದರಲ್ಲೇ ಶುರು ಮಾಡ್ಲಾ, ಇಲ್ಲ ಕಮ್ಮಿ ದುಡ್ಡಿಗೆ ಬೇರೆ ತಗೊಳ್ಳಲಾ ಅಂತ.

ನಾನು ಮೂಡಿಗೆರೆ ಕಡೆಯವನು. ಅಪ್ಪ ತೀರಿಕೊಂಡ ಮೇಲೆ ಮನೆ ಕೋವಿಯ ಲೈಸೆನ್ಸ್ ನನ್ನ ಹೆಸರಿಗೆ ಆಗಿತ್ತು, ಅದನ್ನೇ ತಗೊಂಡು ಶೂಟಿಂಗ್ ರೇಂಜಿಗೆ ಹೊರಟವನು. ಮರದ ತುದಿಯ ತೆಂಗಿನಕಾಯಿ ಉದುರಿಸೋನಿಗೆ ಹಾರೋ ತಟ್ಟೆ ಯಾವ ಲೆಕ್ಕ ಅಂತ ಜಂಬ ಬೇರೆ. ಮೊದಲ ರೌಂಡಿನ 25 ತಟ್ಟೆಯಲ್ಲಿ ಒಡೆದದ್ದು ನಾಲ್ಕು. ಎರಡನೇ ರೌಂಡಲ್ಲಿ ಮೂರು. ಕೆನ್ನೆ ಊದಿಸಿಕೊಂಡು ಮನೆಗೆ ಬಂದರೆ ಅಮ್ಮ, "ಯಾರತ್ರ ಹೊಡೆಸ್ಕೊಂಡ್ ಬಂದ್ಯೋ?" ಅಂದ್ರು.

ತಪ್ಪು ಕೋವಿಯದಲ್ಲ, ಅದು ಬೇರೆ ಕೆಲಸದ್ದು. ಟ್ರ್ಯಾಪಲ್ಲಿ ನೀವು ನಿಂತ ಜಾಗದಿಂದ 15 ಮೀಟರ್ ಮುಂದೆ ಒಂದು ಹೊಂಡ, ಅದರೊಳಗೆ 15 ಮೆಷಿನ್ನು. ನಿಲ್ಲೋ ಐದು ಜಾಗಕ್ಕೂ ಎದುರಿಗೆ ಮೂರು ಮೂರು. ಕೂಗಿದ ಕೂಡಲೇ ಆ ಮೂರರಲ್ಲಿ ಯಾವುದೋ ಒಂದರಿಂದ 110 ಮಿಲಿಮೀಟರ್ ಅಗಲದ ತಟ್ಟೆ ಚಿಮ್ಮುತ್ತೆ, ಬಿಟ್ಟರೆ 76 ಮೀಟರ್ ಆಚೆ ಹೋಗಿ ಬೀಳುತ್ತೆ. ಎಡಕ್ಕೋ ಬಲಕ್ಕೋ ಗೊತ್ತಿಲ್ಲ, ನೀವು ಈಡು ಹಾರಿಸೋ ಹೊತ್ತಿಗೆ ಇನ್ನೂ ಮೇಲೇರ್ತಾ ಇರೋದಂತೂ ಖಾತ್ರಿ. ಮನೆ ಕೋವಿಯ ಹಿಂದಿನ ಮರ, ಅಂದ್ರೆ ಹೆಗಲಿಗೆ ಒತ್ತೋ ಭಾಗ, ತಗ್ಗಿಗೆ ಬಾಗಿರುತ್ತೆ. ಕಣ್ಣು ಕೆಳಗೆ ಕೂತು, ಗುರಿ ಇಟ್ಟಲ್ಲಿಗೇ ಚರೆ ಹೋಗುತ್ತೆ. ಏರೋ ತಟ್ಟೆಗೆ ಹಾಗೆ ಹೊಡೆದರೆ ಎಲ್ಲ ಈಡೂ ಅದರ ಅಡಿಯಲ್ಲಿ. ತಟ್ಟೆ ಮುಚ್ಚೋ ಹಾಗೆ ನಳಿಗೆ ಎತ್ತಿ ಅಂದಾಜಲ್ಲಿ ಹೊಡೀಬೇಕು. ಟ್ರ್ಯಾಪ್ ಕೋವಿಯ ಮರ ಎತ್ತರ, ಅದು ಬೇಕಂತಲೇ ಸ್ವಲ್ಪ ಮೇಲೆ ಹೊಡೆಯೋ ಹಾಗೆ ಮಾಡಿದ್ದು. ತಟ್ಟೆ ನಳಿಗೆ ತುದಿಯ ಗುರಿಮಣಿಯ ಮೇಲೆ ಪೂರ್ತಿ ಕಾಣ್ತಾ ಇರೋವಾಗಲೇ ಒಡೆಯುತ್ತೆ. ಮೂರನೇ ರೌಂಡಿಗೆ ಪಕ್ಕದವರೊಬ್ಬರು ತಮ್ಮ ಕೋವಿ ಕೊಟ್ಟು ಪಕ್ಕದಲ್ಲೇ ನಿಂತರು. ಅದೇ ನಾನು, ಹನ್ನೊಂದು ಒಡೆದೆ.

ಅದಕ್ಕಿಂತ ಮುಖ್ಯ ಇನ್ನೊಂದಿದೆ, ನಿಧಾನಕ್ಕೆ ಓದಿ. ನಮ್ಮ ಕಡೆ ತೋಟದ ಮನೆಗಳಲ್ಲಿರೋ ಹಳೇ ಇಂಗ್ಲಿಷ್, ಬೆಲ್ಜಿಯಂ ಕೋವಿಗಳಲ್ಲಿ ಬಹಳಷ್ಟರ ತೋಟಾ ಕೂರೋ ಜಾಗ ಎರಡೂವರೆ ಇಂಚು, ಅಂದ್ರೆ 65 ಮಿಲಿಮೀಟರ್. ಈಗಿನ ತೋಟಾಗಳು ಸಾಮಾನ್ಯವಾಗಿ 70. "ಸರಿಯಾಗೇ ಕೂರ್ತದಲ್ಲ" ಅಂತೀರಿ. ಕೂರ್ತದೆ, ಮೋಸ ಇರೋದೇ ಅಲ್ಲಿ. ಹಾರಿಸದ ತೋಟಾದ ಬಾಯಿ ಮಡಚಿರುತ್ತೆ, ಅದಕ್ಕೇ ಗಿಡ್ಡ. 70 ಅನ್ನೋದು ಹಾರಿಸಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಿಚ್ಚೋಕೆ ಜಾಗ ಇಲ್ಲದೆ ಅದು ನಳಿಗೆ ಕಿರಿದಾಗೋ ಕಡೆಗೆ ತುರುಕಿಕೊಂಡರೆ ಒಳಗಿನ ಒತ್ತಡ ಏರುತ್ತೆ. ನಳಿಗೆ ಬಿಚ್ಚಿ ಅಡಿಭಾಗದ ಮುದ್ರೆ ಓದಿಸಿ. ನಳಿಗೆ ಮೈಮೇಲೆ ಹಾವಿನ ಚರ್ಮದ ಥರ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಗೋಡೆ ಮೇಲೆ ಚೆಂದ. ಈಗಿನ ತೋಟಾ ಹಾಕಲೇಬೇಡಿ.

ಹಂಗಾದ್ರೆ ಯಾವುದು? ಸೆಕೆಂಡ್ ಹ್ಯಾಂಡ್ ಓವರ್ ಅಂಡರ್ (ಒಂದರ ಮೇಲೊಂದು ನಳಿಗೆ ಇರೋದು), 12 ಬೋರು, 30 ಇಂಚಿನ ನಳಿಗೆ, ಒಂದೇ ಟ್ರಿಗರ್. ಚೋಕ್, ಅಂದ್ರೆ ನಳಿಗೆ ಬಾಯಿ ಹತ್ರ ಕಿರಿದಾಗೋ ಭಾಗ, ಬಿಗಿ ಇರಲಿ, ಫಿಕ್ಸೆಡ್ ಆದ್ರೂ ಪರವಾಗಿಲ್ಲ. ಮೂರೂವರೆ ಕೆಜಿ ಮೇಲಿದ್ರೆ ಒಳ್ಳೇದು, ಭಾರದ ಕೋವಿ ಕಮ್ಮಿ ಒದೆಯುತ್ತೆ. ಬೆರೆಟ್ಟಾ, ಬ್ರೌನಿಂಗ್ ಸಿಕ್ಕರೆ ನೋಡಿ. ದುಬಾರಿ ಪೆರಾಜ್ಜಿಯ ಕನಸು ಈಗ ಬೇಡ. ಅಗ್ಗ ಅಂತ ಯಾರಾದ್ರೂ ಪಂಪ್ ಆಕ್ಷನ್ (ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ತುಂಬೋದು) ತೋರಿಸಿದ್ರೆ ಬಿಟ್ಟುಬಿಡಿ, ಒಲಿಂಪಿಕ್ ಮಾದರಿಯ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ನೋಡೋವಾಗ ಹೊಳಪಿಗೆ ಮರುಳಾಗಬೇಡಿ. ತೋಟಾ ಇಲ್ಲ ಅಂತ ಎರಡು ಸಲ ಖಚಿತ ಮಾಡ್ಕೊಂಡು, ಮುಂದಿನ ಮರ ಕಳಚಿ, ಕೋವಿ ಮುಚ್ಚಿ ಅಲ್ಲಾಡಿಸಿ. ನಳಿಗೆ ಲೊಟಲೊಟ ಅಂದ್ರೆ ಬೇಡ. ಮೇಲಿನ ಲಿವರ್ ಮುಚ್ಚಿದಾಗ ನಡುವಿಂದ ಸ್ವಲ್ಪ ಬಲಕ್ಕಿದ್ರೆ ಇನ್ನೂ ಸವೆದಿಲ್ಲ, ಎಡಕ್ಕೆ ಹೋಗಿದ್ರೆ ಬಹಳ ದುಡಿದಿದೆ. ನಳಿಗೆ ಬೆಳಕಿಗೆ ಹಿಡಿದು ಒಳಗೆ ನೋಡಿ. ನೆರಳಿನ ಬಳೆ ಎಲ್ಲಾದ್ರೂ ಒಡೆದು ಕಂಡರೆ ಅಲ್ಲಿ ನೆಗ್ಗಿದೆ ಅಥವಾ ಉಬ್ಬಿದೆ.

ಆಮೇಲೆ ಅಳತೆ. ಕಣ್ಮುಚ್ಚಿ ಕೋವಿ ಹೆಗಲಿಗೆ ತನ್ನಿ, ಕೆನ್ನೆ ಮರಕ್ಕೆ ಊರಿ, ಕಣ್ಣು ಬಿಡಿ. ನಳಿಗೆ ಮೇಲಿನ ಪಟ್ಟಿ ನೇರವಾಗಿ ಕಾಣಬೇಕು. ಬರೀ ಮಣಿ ಕಂಡ್ರೂ ಇಲ್ಲ, ಪಕ್ಕಕ್ಕೆ ಕಂಡ್ರೂ ಇಲ್ಲ. ಹತ್ತು ಸಲ ಮಾಡಿ. ಹತ್ತರಲ್ಲಿ ಎಂಟು ಸಲ ಸರಿ ಬಂದರೆ ಹೆಸರು ಯಾವುದಾದ್ರೂ ಆಗಲಿ, ಅದೇ ನಿಮ್ಮ ಕೋವಿ. ನಾನು ಹೆಸರು ನೋಡಿ ತಗೊಂಡು, ಆರು ತಿಂಗಳು ಒದ್ದಾಡಿ, ಬಡಗಿ ಹತ್ರ ಕೆನ್ನೆ ಕೂರೋ ಜಾಗಕ್ಕೆ ಮರ ಅಂಟಿಸಿಕೊಂಡೆ. ನೋಡೋಕೆ ಕಾಫಿ ಗಿಡಕ್ಕೆ ಕಸಿ ಕಟ್ಟಿದ ಹಾಗಿತ್ತು.

ನಿಜವಾದ ಖರ್ಚು ತೋಟಾದ್ದು. ರೌಂಡಿಗೆ 25 ತಟ್ಟೆ, ಅಭ್ಯಾಸದಲ್ಲಿ ಒಂದೊಂದಕ್ಕೆ ಎರಡು ಈಡು ಅಂದ್ರೆ 50ರವರೆಗೂ ಹೋಗುತ್ತೆ. ವಾರಕ್ಕೆ ನಾಲ್ಕು ರೌಂಡು, ಸರಾಸರಿ 35 ತೋಟಾ ಅಂದ್ರೂ ತಿಂಗಳಿಗೆ 500 ದಾಟುತ್ತೆ. ಅದೂ 24 ಗ್ರಾಂ ಸಣ್ಣ ಚರೆಯದ್ದು. ಮನೇಲಿ ಹಂದಿ ಓಡಿಸೋಕೆ ಇಟ್ಟಿರೋ ದಪ್ಪ ಚರೆಯ ಎಲ್‌ಜಿ, ಎಸ್‌ಜಿ ಇಲ್ಲಿ ಕೆಲಸಕ್ಕೆ ಬಾರದು. ಕೋವಿಗೆ ಇಟ್ಟ ದುಡ್ಡಲ್ಲಿ ಅರ್ಧ ಇದಕ್ಕೇ ತೆಗೆದಿಡಿ.

ಲೈಸೆನ್ಸ್ ವಿಷಯ: ಅಪ್ಪನ ಲೈಸೆನ್ಸಲ್ಲಿ ನೀವು ಕೋವಿ ಹಿಡಿದು ರೇಂಜಿಗೆ ಹೋಗೋ ಹಾಗಿಲ್ಲ. 21 ದಾಟಿದ್ದೀರಿ, ನಿಮ್ಮ ಹೆಸರಲ್ಲೇ ಹಾಸನದ ಡಿಸಿ ಆಫೀಸಿಗೆ ಅರ್ಜಿ ಹಾಕಿ, ಕಾರಣ ಟಾರ್ಗೆಟ್ ಶೂಟಿಂಗ್ ಅಂತಲೇ ಬರೀರಿ. ವ್ಯಾಪ್ತಿಯ ಕಾಲಮ್ಮು ನೋಡಿಕೊಳ್ಳಿ, ಜಿಲ್ಲೆಗಷ್ಟೇ ಸಿಕ್ಕರೆ ಹೊರಗಿನ ರೇಂಜಿಗೆ ಒಯ್ಯೋಕಾಗಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಲೈಸೆನ್ಸಿಗೆ ಎರಡೇ ಕೋವಿ. ಇನ್ನೊಬ್ಬ ಲೈಸೆನ್ಸ್‌ದಾರರಿಂದ ನೇರ ಕೊಳ್ಳೋದಾದ್ರೆ ಮಾರೋರು ಡಿಸಿಗೋ ಠಾಣೆಗೋ ಲಿಖಿತ ತಿಳಿಸಿ 45 ದಿನ ಕಾಯಬೇಕು, ಅಲ್ಲಿತನಕ ಮುಂಗಡ ಕಮ್ಮಿ ಕೊಡಿ.

ಲೈಸೆನ್ಸ್ ಬರೋ ತನಕ ಯಾವುದಾದ್ರೂ ರೈಫಲ್ ಕ್ಲಬ್ಬಿಗೆ ಸೇರಿ, ಅಲ್ಲಿನ ಕೋವಿಯಲ್ಲೇ ಒಂದು ಹತ್ತು ರೌಂಡು ಆಡಿ. ಅಜ್ಜನ ಕೋವಿಗೆ ಎಣ್ಣೆ ಬಟ್ಟೆ ಹಾಕಿ ಒರೆಸಿಡಿ, ಈ ಮಳೆಗಾಲದ ಥಂಡಿಗೆ ನಳಿಗೆ ಒಳಗೆ ಬೇಗ ತುಕ್ಕು ಹಿಡಿಯುತ್ತೆ.