ರಾತ್ರಿ ಹತ್ತಾದರೂ ಮುಗಿಯದ ವಕೀಲಿಕೆ

ಪ್ರಶ್ನೆ: ತಾಲೂಕು ಕೋರ್ಟಿನಲ್ಲಿ ಆರು ವರ್ಷದಿಂದ ಪ್ರಾಕ್ಟೀಸ್. ಗುಮಾಸ್ತರಿಲ್ಲ. ಹಗಲು ಕೋರ್ಟ್, ಸಂಜೆ ಕಕ್ಷಿದಾರರು, ಡ್ರಾಫ್ಟಿಂಗ್ ಶುರುವಾಗುವುದೇ ರಾತ್ರಿ ಹತ್ತಕ್ಕೆ. ಯಾವುದೋ ಗಡುವು ತಪ್ಪಿತು ಅಂತ ನಿದ್ದೆಯಲ್ಲೂ ಬೆಚ್ಚಿ ಏಳುತ್ತೇನೆ. ಏನು ಮಾಡಲಿ?

ಉತ್ತರ: ಡೈರಿಯಲ್ಲಿ ಮುಂದಿನ ಹಿಯರಿಂಗ್ ಮಾತ್ರ ಬರೆಯುತ್ತೀರಿ, ಅಲ್ವಾ? ಎಡವಟ್ಟು ಅಲ್ಲೇ. ಹಿಯರಿಂಗ್ ತಾರೀಕು ಇ-ಕೋರ್ಟ್ಸ್ ಆ್ಯಪ್‌ನಲ್ಲೂ ಸಿಗುತ್ತದೆ, ಗಡುವನ್ನು ಯಾರೂ ನೆನಪಿಸುವುದಿಲ್ಲ. ಸಿವಿಲ್ ದಾವೆಯಲ್ಲಿ ಸಮನ್ಸ್ ತಲುಪಿದ 30 ದಿನದೊಳಗೆ ರಿಟನ್ ಸ್ಟೇಟ್‌ಮೆಂಟ್ (ಪ್ರತಿವಾದಿಯ ಲಿಖಿತ ಉತ್ತರ) ಹಾಕಬೇಕು, ಕೋರ್ಟ್ ಒಪ್ಪಿದರೆ 90ರವರೆಗೆ. ಡಿಕ್ರಿ, ಅಂದರೆ ದಾವೆಯ ಅಂತಿಮ ಆದೇಶದ ಮೇಲಿನ ಅಪೀಲಿಗೆ ಜಿಲ್ಲಾ ಕೋರ್ಟಿನಲ್ಲಿ 30, ಹೈಕೋರ್ಟಿನಲ್ಲಿ 90 ದಿನ. ಫೈಲು ಕೈಗೆ ಬಂದ ದಿನವೇ ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗಡುವು ಬರೆಯಿರಿ, ಡೈರಿಯಲ್ಲಿ ಅದಕ್ಕಿಂತ ಹತ್ತು ದಿನ ಹಿಂದಿನ ಪುಟದಲ್ಲಿ ಇನ್ನೊಮ್ಮೆ. (ಅಪೀಲಿಗೆ ಬೇಕಾದ ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕುವುದನ್ನೇ ಮರೆತು ಕೊನೇ ವಾರ ಓಡಾಡಿದ ಮೇಲೆ ನಾನು ಕಲಿತದ್ದು ಇದು.)

"ಕೇಸ್ ಏನಾಯ್ತು ಸಾರ್?" ಫೋನುಗಳೇ ಅರ್ಧ ಸಂಜೆ ತಿನ್ನುತ್ತವೆ. ತಾರೀಕು ಕೊಟ್ಟ ಕೂಡಲೇ ಕೋರ್ಟ್ ಹಾಲ್ ಹೊರಗೆ ನಿಂತು ಕಕ್ಷಿದಾರರಿಗೆ ಒಂದು ಸಾಲಿನ ವಾಟ್ಸಾಪ್ ಹಾಕಿಬಿಡಿ. ಭೇಟಿ ಸಂಜೆ ಆರರಿಂದ ಎಂಟು, ಅಷ್ಟೇ. ಮೊದಲು ಗೊಣಗುತ್ತಾರೆ, ಗೊಣಗಲಿ. ಡ್ರಾಫ್ಟಿಂಗ್ ಬೆಳಿಗ್ಗೆ ಮಾಡಿ. ರಾತ್ರಿ ಬರೆದ ಪ್ಲೇಂಟಿನಲ್ಲಿ (ದಾವೆ ಪತ್ರದಲ್ಲಿ) ಜಮೀನಿನ ಚೆಕ್ಕುಬಂದಿ ತಪ್ಪಾಗಿ, ಆಮೇಲೆ ತಿದ್ದುಪಡಿ ಅರ್ಜಿ ಹಾಕುವ ಕೆಲಸ ಯಾಕೆ ಬೇಕು ಸುಮ್ನೆ?

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.