ಗ್ರೀಸಿನಲ್ಲಿ ಕಡಲಿಗೆ ಹತ್ತಿರದ ಹಳೇ ಹಳ್ಳಿ ಯಾವುದು ಚೆನ್ನ?

ಹಳ್ಳಿ ನಿಜಕ್ಕೂ ಹಳೆಯದಾಗಿರಬೇಕು, ಸಮುದ್ರ ಹತ್ತಿರವಿರಬೇಕು, ಸಾಂಟೊರಿನಿ ದ್ವೀಪದ ನೂಕುನುಗ್ಗಲು ಬೇಡ, ಜೊತೆಗೆ ಅಪ್ಪ ಅಮ್ಮ ಬರುತ್ತಾರೆ ಅಂತ ಕೇಳಿದ್ದೀರಿ. ಯೋಚನೆಯೇ ಬೇಡ, ಮೆಸ್ತಾಗೆ ಹೋಗಿ. ಟರ್ಕಿ ಕರಾವಳಿಗೆ ತೀರಾ ಹತ್ತಿರವಿರುವ ಕಿಯೋಸ್ ದ್ವೀಪದ ದಕ್ಷಿಣದಲ್ಲಿದೆ. ನನಗೆ ಗ್ರೀಸಿನಲ್ಲಿ ಅಷ್ಟು ಹಿಡಿಸಿದ ಊರು ಇನ್ನೊಂದಿಲ್ಲ.

ಈ ಹಳ್ಳಿಯೇ ಒಂದು ಕೋಟೆ. ಅಂಚಿನ ಮನೆಗಳ ಹಿಂಗೋಡೆಗಳು ಒಂದಕ್ಕೊಂದು ಸೇರಿ ಕೋಟೆಗೋಡೆ ಆಗಿವೆ. 1346ರಿಂದ 1566ರವರೆಗೆ ದ್ವೀಪ ಇಟಲಿಯ ಜಿನೋವಾ ನಗರದವರ ಕೈಯಲ್ಲಿತ್ತು. ಕಡಲ್ಗಳ್ಳರ ಕಾಟಕ್ಕೆ ಅವರು ಹಳ್ಳಿಗಳನ್ನು ಹೀಗೆ ಕಟ್ಟಿಸಿದರು. ಓಣಿಗಳು ಬೇಕಂತಲೇ ಸುತ್ತಿ ಬಳಸಿ ಹೋಗುತ್ತವೆ, ಕೆಲವು ಗೋಡೆ ಮುಟ್ಟಿ ನಿಂತೇಬಿಡುತ್ತವೆ. ಒಳಗೆ ನುಗ್ಗಿದವನಿಗೆ ದಾರಿ ಸಿಗಬಾರದು ಅಲ್ವಾ! ಊರವರು ಮಾತ್ರ ತಾರಸಿಯಿಂದ ತಾರಸಿಗೆ ದಾಟಿ ನಡುವಿನ ಗೋಪುರ ಸೇರಿಕೊಳ್ಳುತ್ತಿದ್ದರು. ಆ ಗೋಪುರದ ಜಾಗದಲ್ಲಿ ಈಗ ದೊಡ್ಡ ಚರ್ಚ್ ಇದೆ.

ಇಷ್ಟು ಕಾವಲು ಮಸ್ತಿಕ್ ಅನ್ನುವ ಮರದ ಅಂಟಿಗಾಗಿ. ಯುನಾನಿ ಔಷಧದ ರೂಮಿ ಮಸ್ತಗಿ ಇದೇ. ಬೇಸಿಗೆಯಲ್ಲಿ ತೊಗಟೆ ಗೀರುತ್ತಾರೆ. ಕೆಳಗೆ ಹರಡಿದ ಬಿಳಿ ಪುಡಿಯ ಮೇಲೆ ಅಂಟು ತೊಟ್ಟಿಕ್ಕಿ ಗಟ್ಟಿಯಾಗುತ್ತದೆ. 1822ರಲ್ಲಿ ಟರ್ಕಿಯ ಒಟ್ಟೋಮನ್ ಸುಲ್ತಾನನ ಸೈನ್ಯ ದ್ವೀಪದಲ್ಲಿ ಸಾವಿರಾರು ಜನರನ್ನು ಕೊಂದಾಗಲೂ ಮಸ್ತಿಕ್ ಬೆಳೆಯುವ ಹಳ್ಳಿಗಳು ಬಹುಪಾಲು ಉಳಿದುಕೊಂಡವು. ಈ ಅಂಟು ಸುಲ್ತಾನನಿಗೂ ಬೇಕಿತ್ತು.

ದಯವಿಟ್ಟು ಸುಮ್ನೆ ಒಂದು ಗಂಟೆ ನೋಡಿ ವಾಪಸ್ ಬರಬೇಡಿ. ರಾತ್ರಿ ಊರೊಳಗೇ ಉಳಿಯಿರಿ. ಹಳೇ ಕಲ್ಲಿನ ಮನೆಗಳಲ್ಲೇ ರೂಮು ಸಿಗುತ್ತವೆ. ಓಣಿಗಳಿಗೆ ಕಾರು ಬರುವುದಿಲ್ಲ, ಕಲ್ಲುಹಾಸಿನ ಮೇಲೆ ನಡೆಯಬೇಕು. ಅಪ್ಪ ಅಮ್ಮನಿಗೆ ಜಾರದ ಶೂ ಇರಲಿ, ಬ್ಯಾಗು ಹಗುರವಾಗಿರಲಿ.

ಹತ್ತಿರದ ಪಿರ್ಗಿ ಹಳ್ಳಿಯನ್ನೂ ಬಿಡಬೇಡಿ. ಅಲ್ಲಿ ಮನೆಗಳ ಗೋಡೆ ತುಂಬ ಕಪ್ಪು ಬಿಳುಪು ಚಿತ್ತಾರ. ಗಾರೆಯ ಮೇಲೆ ಸುಣ್ಣ ಬಳಿದು, ಅದನ್ನು ಕೆರೆದು ಮೂಡಿಸಿದ್ದು. ಅಲ್ಲಿಂದ ಮಾವ್ರಾ ವೋಲಿಯಾ ಕಡಲತೀರ ದೂರವಿಲ್ಲ. ಜ್ವಾಲಾಮುಖಿಯ ಕಪ್ಪು ಉರುಟುಕಲ್ಲುಗಳು, ತಿಳಿ ನೀರು. ಕಲ್ಲು ಎತ್ತಿಕೊಂಡು ಬರುವಂತಿಲ್ಲ.

ಅಥೆನ್ಸಿನಿಂದ ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಅಥೆನ್ಸಿನ ಪಕ್ಕದ ಪಿರೇಯಸ್ ಬಂದರಿನಿಂದ ರಾತ್ರಿ ಹಡಗೂ ಇದೆ. ದ್ವೀಪದಲ್ಲಿ ಬಸ್ಸು ಕಡಿಮೆ, ಕಾರು ಬಾಡಿಗೆಗೆ ಹಿಡಿಯಿರಿ. ಸೆಪ್ಟೆಂಬರಿನಲ್ಲಿ ಹೋದರೆ ಬಿಸಿಲು ಜಾಸ್ತಿ ಇರುವುದಿಲ್ಲ, ಹೆಂಗಸರು ಮಸ್ತಿಕ್ ಹರಳು ಆರಿಸುವುದನ್ನೂ ನೋಡಬಹುದು.