ಜಂಕ್ಷನ್‌ನಲ್ಲಿ ರೈಲು ಯಾವ ಕಡೆ ಹೋಗಬೇಕೆಂದು ತೀರ್ಮಾನಿಸುವವರು ಯಾರು?

ಹಳಿ ಕವಲೊಡೆಯುವಲ್ಲಿ ಮೆಟ್ರೋ ಚಾಲಕರೇ ಗಾಡಿ ತಿರುಗಿಸುತ್ತಾರಾ, ನಿಲ್ದಾಣವೇ ಇಲ್ಲದ ಕಡೆ ಗಾಡಿ ಸುಮ್ಮನೆ ಯಾಕೆ ನಿಲ್ಲುತ್ತದೆ ಎಂದು ಕೇಳಿದ್ದೀರಿ. ನಾನು ಸಿಗ್ನಲ್ ನಿರ್ವಹಣೆಯ ಕೆಲಸದವನು. ಚಾಲಕರ ಕೈಯಲ್ಲಿರುವುದು ವೇಗ ಮತ್ತು ಬ್ರೇಕ್ ಅಷ್ಟೇ. ದಾರಿ ತೋರಿಸುವುದು ಹಳಿ.

ಗಾಲಿಯ ಒಳಬದಿಯಲ್ಲಿ ಫ್ಲ್ಯಾಂಜ್ ಎಂಬ ಅಂಚು ಕೆಳಗಿಳಿದಿರುತ್ತದೆ. ಕವಲಿನ ಬಾಯಲ್ಲಿ ಎರಡು ಹೊರಹಳಿಗಳ ನಡುವೆ, ತುದಿ ಚೂಪಾಗಿ ಸವರಿದ, ಪಕ್ಕಕ್ಕೆ ಸರಿಯುವ ಎರಡು ಹಳಿತುಂಡುಗಳಿರುತ್ತವೆ, ಇವಕ್ಕೆ ಟಂಗ್ ರೈಲು ಎಂದು ಹೆಸರು. ಒಂದು ತನ್ನ ಹೊರಹಳಿಗೆ ಅಂಟಿಕೊಂಡರೆ ಇನ್ನೊಂದು ದೂರ ಸರಿಯುವಂತೆ ಎರಡನ್ನೂ ಸರಳಿನಿಂದ ಜೋಡಿಸಿರುತ್ತಾರೆ. ಅಂಟಿಕೊಂಡದ್ದು ಆ ಬದಿಯ ಫ್ಲ್ಯಾಂಜನ್ನು ತನ್ನ ಮೈಗುಂಟ ಒಯ್ಯುತ್ತದೆ. ಎದುರು ಬದಿಯದು ತೆರೆದ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಮುಂದೆ ಒಳಹಳಿಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಫ್ಲ್ಯಾಂಜ್ ದಾಟಲೆಂದು ಸಂದು ಬಿಟ್ಟಿರುತ್ತಾರೆ. ನಿಮಗೆ ಕೇಳಿಸುವ ಟಡಕ್ ಸದ್ದು ಬಹುಪಾಲು ಅಲ್ಲಿನದು.

ಈ ಸರಿಯುವ ಜೋಡಣೆಗೆ ಪಾಯಿಂಟ್ ಎನ್ನುತ್ತೇವೆ. ಟಂಗ್ ರೈಲನ್ನು ಸರಿಸುವುದು ಕಷ್ಟವಲ್ಲ, ಪಾಯಿಂಟ್ ಮೆಷಿನ್‌ನ ಮೋಟರ್ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತದೆ. ಸರಿದದ್ದು ಸರಿಯಾಗಿ ಕೂತಿದೆಯೇ ಎಂದು ಖಾತ್ರಿಯಾಗಬೇಕಲ್ಲ, ಅದೇ ದೊಡ್ಡ ಕೆಲಸ. ಅರೆಬರೆ ಕೂತ ಪಾಯಿಂಟ್ ಮೇಲೆ ಗಾಡಿ ಬಂದರೆ ಗಾಲಿಗಳು ಒಂದೊಂದು ದಿಕ್ಕು ಹಿಡಿದು ಹಳಿ ತಪ್ಪಬಹುದು. ಹಾಗಾಗಿ ಭಾರತೀಯ ರೈಲ್ವೆಯಲ್ಲಿ ಒಂದು ಪರೀಕ್ಷೆಯಿದೆ. ಟಂಗ್ ರೈಲಿನ ತುದಿಯಿಂದ 150 ಮಿ.ಮೀ. ಒಳಗೆ, ಹೊರಹಳಿಗೂ ಅದಕ್ಕೂ ನಡುವೆ 5 ಮಿ.ಮೀ. ದಪ್ಪದ ತುಂಡು ಇಟ್ಟು ಪಾಯಿಂಟ್ ತಿರುಗಿಸಬೇಕು. ಮೋಟರ್ ಒತ್ತುತ್ತದೆ, ಕ್ಲಚ್ ಜಾರುತ್ತದೆ, ಆದರೆ ಲಾಕ್ ಬೀಳಬಾರದು, ಸಿಗ್ನಲ್ ಕೆಂಪಾಗಿಯೇ ಉಳಿಯಬೇಕು. ಅಷ್ಟು ಸಣ್ಣ ಕಲ್ಲುಚೂರು ಸಿಕ್ಕಿಕೊಂಡರೂ ಗಾಡಿ ಬರಕೂಡದು ಎಂಬುದು ಇದರ ಅರ್ಥ.

ಇದರ ಮೇಲೆ ಇಂಟರ್‌ಲಾಕಿಂಗ್ ಇದೆ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪಾಯಿಂಟ್ ಮತ್ತು ಸಿಗ್ನಲ್‌ಗಳನ್ನು ಒಂದಕ್ಕೊಂದು ಬಿಗಿಯುವ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಆಗ ಸನ್ನೆಕೋಲು, ಈಗ ಕಂಪ್ಯೂಟರ್, ನಿಯಮ ಮಾತ್ರ ಅದೇ: ದಾರಿಯ ಪ್ರತಿ ಪಾಯಿಂಟೂ ಲಾಕ್ ಆಗಿ, ಮುಂದಿನ ಹಳಿ ಖಾಲಿಯಿದ್ದು, ಅಡ್ಡಬರುವ ಬೇರೆ ದಾರಿ ಕೊಟ್ಟಿಲ್ಲ ಎಂದು ಖಚಿತವಾದ ಮೇಲೇ ಗಾಡಿಗೆ ಹೋಗಲು ಸಿಗ್ನಲ್ ಸಿಗುತ್ತದೆ. ಗಾಡಿ ದಾಟಿ ಮುಗಿಯುವ ತನಕ ಯಾರು ಗುಂಡಿ ಒತ್ತಿದರೂ ಪಾಯಿಂಟ್ ಕದಲುವುದಿಲ್ಲ.

ಇನ್ನು ಕ್ರಾಸೋವರ್. ಅಕ್ಕಪಕ್ಕದ ಎರಡು ಹಳಿಗಳನ್ನು ಎರಡು ಪಾಯಿಂಟ್‌ಗಳಿಂದ ಓರೆಯಾಗಿ ಕೂಡಿಸಿದರೆ ಕ್ರಾಸೋವರ್. ಅಂಥ ಎರಡು ಓರೆದಾರಿಗಳು ಒಂದೇ ಕಡೆ ಪರಸ್ಪರ ಕತ್ತರಿಸಿದರೆ ಸಿಸರ್ಸ್ ಕ್ರಾಸೋವರ್. ಮೆಟ್ರೋ ಮಾರ್ಗದ ಕೊನೆಯ ನಿಲ್ದಾಣದ ಹತ್ತಿರ ಇದನ್ನು ಹೆಚ್ಚಾಗಿ ನೋಡಬಹುದು. ಬರುವ ಗಾಡಿ ಯಾವ ಪ್ಲಾಟ್‌ಫಾರ್ಮ್‌ಗಾದರೂ ಹೋಗಬಹುದು, ಆದರೆ ಒಂದು ಓರೆಯಾಗಿ ದಾಟುತ್ತಿರುವಷ್ಟು ಹೊತ್ತು ಹೊರಡಬೇಕಾದದ್ದು ಕಾಯಬೇಕು. ಗಾಡಿಗಳ ನಡುವಿನ ಅಂತರ ಇನ್ನಷ್ಟು ಕಡಿಮೆಯಾಗಲಿ ಎಂದು ಕೇಳುವವರು ಬೋಗಿಗಳ ಲೆಕ್ಕಕ್ಕಿಂತ ಮೊದಲು ಈ ಜಾಗವನ್ನು ನೋಡಬೇಕು ಎಂದು ನನ್ನ ಅಭಿಪ್ರಾಯ.

ನೀವು ನಡುದಾರಿಯಲ್ಲಿ ನಿಲ್ಲುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಎಲ್ಲ ಹಳಿಗಳೂ ಒಂದೇ ಮಟ್ಟದಲ್ಲಿರುವ ಜಂಕ್ಷನ್‌ನಲ್ಲಿ, ಕವಲಿಗೆ ತಿರುಗುವ ಗಾಡಿ ಎದುರಿನಿಂದ ಬರುವ ಗಾಡಿಗಳ ಹಳಿಯನ್ನು ಅಡ್ಡ ದಾಟಬೇಕಾಗುತ್ತದೆ. ಶಿಕಾಗೋದ ಎತ್ತರಿಸಿದ ಮಾರ್ಗದಲ್ಲಿ ಟವರ್ 18 ಎಂಬ ಜಂಕ್ಷನ್ ಹೀಗಿದೆ. ಈ ತೊಡಕು ತಪ್ಪಿಸಲು ಲಂಡನ್ನಿನ ಭೂಗತ ರೈಲಿನ ಕ್ಯಾಮ್ಡನ್ ಟೌನ್ ಜಂಕ್ಷನ್‌ನಲ್ಲಿ 1920ರ ದಶಕದಲ್ಲೇ ನೆಲದಡಿ ಬೇರೆಬೇರೆ ಮಟ್ಟದಲ್ಲಿ ಸುರಂಗ ಕೊರೆದರು. ಉತ್ತರದ ಎರಡು ಕವಲುಗಳಿಂದ ದಕ್ಷಿಣದ ಎರಡು ಕವಲುಗಳಿಗೆ ಹೇಗೆ ಹೋದರೂ ಎದುರು ಗಾಡಿಯ ದಾರಿ ಅಡ್ಡ ಬರುವುದಿಲ್ಲ. ಅಲ್ಲೂ ಎರಡು ಕವಲಿನ ಗಾಡಿಗಳು ಒಂದೇ ಹಳಿಗೆ ಸೇರುವಲ್ಲಿ ಒಂದು ತಡವಾದರೆ ಇನ್ನೊಂದು ಸಿಗ್ನಲ್ ಬಳಿ ನಿಲ್ಲಬೇಕಾಗುತ್ತದೆ.